ಫೋಟೋದಲ್ಲಿ ಮುಖ ಬೂದಿ ಬಡಿದ ಹಾಗೆ ಬರುತ್ತಿದೆ, ಯಾವ ಫೌಂಡೇಶನ್ ಕೊಳ್ಳಲಿ?

ಪ್ರಶ್ನೆ: ನಮ್ಮಣ್ಣನದು ಊರಲ್ಲಿ ಫೋಟೋ ಸ್ಟುಡಿಯೋ ಇದೆ. ನಾನು ಬ್ಯೂಟಿಷಿಯನ್ ಕೋರ್ಸ್ ಮುಗಿಸಿ, ಅವನು ಒಪ್ಪಿಕೊಳ್ಳುವ ಮದುವೆ, ಸೀಮಂತ, ಪ್ರೀ ವೆಡ್ಡಿಂಗ್ ಶೂಟ್‌ಗಳಿಗೆ ಮೇಕಪ್ ಮಾಡಲು ಶುರು ಮಾಡಿದ್ದೇನೆ. ಕನ್ನಡಿಯಲ್ಲಿ ಚೆನ್ನಾಗಿ ಕಾಣುವ ಮುಖ ಫೋಟೋದಲ್ಲಿ ಬೆಳ್ಳಗೆ, ಬೂದಿ ಬಡಿದ ಹಾಗೆ ಬರುತ್ತಿದೆ. ದುಬಾರಿ ಬ್ರ್ಯಾಂಡ್ ತಗೊಂಡರೆ ಸರಿಹೋಗುತ್ತಾ? ಬೇಸ್‌ಗೆ, ಅಂದರೆ ಫೌಂಡೇಶನ್ ಥರದ ತಳದ ಮೇಕಪ್‌ಗೆ, ಅಂತ ನನ್ನ ಕೈಲಿರುವುದು ಐದು ಸಾವಿರ ರೂಪಾಯಿ.

ಉತ್ತರ: ಐದು ಸಾವಿರ ಸಾಕು. ಆದರೆ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಪೌಡರ್ ಡಬ್ಬಿ ತೆಗೆದು ನೋಡಿ. ಕನ್ನಡಿಯಲ್ಲಿ ಸರಿಯಾಗಿದ್ದದ್ದು ಫೋಟೋದಲ್ಲಿ ಮಾತ್ರ ಬೆಳ್ಳಗಾದರೆ ನನಗೆ ಮೊದಲು ಅನುಮಾನ ಬರುವುದು ಅದರ ಮೇಲೆ.

ಬಣ್ಣವೇ ಇಲ್ಲದ ಬಿಳಿ ಲೂಸ್ ಪೌಡರ್‌ಗಳಲ್ಲಿ, ಅದರಲ್ಲೂ ‘ಎಚ್‌ಡಿ’ ಅಂತ ಮಾರುವವುಗಳಲ್ಲಿ, ಬಹಳ ಸಲ ಸಿಲಿಕಾವೇ ಮುಖ್ಯ ವಸ್ತು. ಮುಖದ ಮೇಲೆ ಅದು ಬರಿಗಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾ ಮೇಲೆ ಸಿಕ್ಕಿಸಿದ ಫ್ಲ್ಯಾಶ್ ನೇರವಾಗಿ ಹೊಡೆದಾಗ ಬೆಳಕು ಬಂದ ದಾರಿಯಲ್ಲೇ ಲೆನ್ಸ್‌ಗೆ ವಾಪಸಾಗುತ್ತದೆ. ಪೌಡರ್ ಜಾಸ್ತಿ ಕೂತಿರುವ ಕಣ್ಣಿನ ಕೆಳಭಾಗ, ಮೂಗಿನ ಪಕ್ಕ, ಗದ್ದ ಬಿಳಿ ತೇಪೆಗಳಾಗುತ್ತವೆ. ಇದನ್ನೇ ಫ್ಲ್ಯಾಶ್‌ಬ್ಯಾಕ್ ಅನ್ನುವುದು. ಸ್ಟುಡಿಯೋದಲ್ಲಿ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದು ಮಾಡುವ ಬಟ್ಟೆಯ ಪೆಟ್ಟಿಗೆ) ಇಟ್ಟು ಪಕ್ಕದಿಂದ ಬೆಳಕು ಕೊಟ್ಟರೆ ಈ ಕಾಟ ಅಷ್ಟಾಗಿ ಇರುವುದಿಲ್ಲ. ಅದಕ್ಕೇ ಅದೇ ಮೇಕಪ್ ಸ್ಟುಡಿಯೋದಲ್ಲಿ ಚೆನ್ನಾಗಿ ಬಂದು ಛತ್ರದ ಸ್ಟೇಜ್ ಮೇಲೆ ಕೈಕೊಡುತ್ತದೆ.

ಸನ್‌ಸ್ಕ್ರೀನ್ ಇನ್ನೊಂದು ಕಾರಣ. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್‌ಗಳು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತವೆ. ಹಾಗಂತ ಲೇಬಲ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಕಂಡ ಕೂಡಲೇ ಬಾಟಲಿ ವಾಪಸ್ ಇಡಬೇಡಿ. ಸಿಐ 77891 ಎಂಬ ಬಣ್ಣದ ಸಂಖ್ಯೆಯಲ್ಲಿ ಅದು ಹೆಚ್ಚುಕಡಿಮೆ ಎಲ್ಲ ಫೌಂಡೇಶನ್‌ಗಳಲ್ಲೂ ಇರುತ್ತದೆ. ಬೇಸ್‌ಗೆ ಮೈ ಕೊಡುವ ಬಿಳಿ ಬಣ್ಣ ಅದೇ. ಪಕ್ಕದಲ್ಲಿ ಕಾಣುವ 77491, 77492, 77499 ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳು. ಹೆಚ್ಚುಕಡಿಮೆ ಎಲ್ಲ ಶೇಡ್‌ಗಳೂ ಈ ನಾಲ್ಕರ ಹದವೇ. ಎಸ್‌ಪಿಎಫ್ (ಬಿಸಿಲಿನಿಂದ ಕಾಪಾಡುವ ಮಟ್ಟ) ಅಂತ ಬರೆದಿದ್ದರೆ ಮಾತ್ರ ಪರೀಕ್ಷೆ ಮಾಡದೆ ಮದುವೆಗೆ ಒಯ್ಯಬೇಡಿ. ಪರೀಕ್ಷೆ ಅಂದೆನೇ ಹೊರತು ಬಹಿಷ್ಕಾರ ಅಲ್ಲ. ಮ್ಯಾಕ್‌ನ ಸ್ಟುಡಿಯೋ ಫಿಕ್ಸ್ ಫ್ಲೂಯಿಡ್ ಮೇಲೂ ಎಸ್‌ಪಿಎಫ್ 15 ಅಂತ ಇದೆ, ಫೋಟೋಗೆ ಅದನ್ನು ಧಾರಾಳವಾಗಿ ಬಳಸುವವರಿದ್ದಾರೆ.

ಪರೀಕ್ಷೆಗೆ ಖರ್ಚಿಲ್ಲ. ಅರ್ಧ ಮುಖಕ್ಕೆ ಬರೀ ಬೇಸ್, ಇನ್ನರ್ಧಕ್ಕೆ ಬೇಸ್ ಮತ್ತು ಪೌಡರ್ ಹಚ್ಚಿ. ಕೋಣೆ ಕತ್ತಲು ಮಾಡಿ ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಯಿರಿ. ಆಮೇಲೆ ನಿಮ್ಮಣ್ಣನಿಗೆ ಹೇಳಿ ಅವರ ಕ್ಯಾಮೆರಾದಲ್ಲೂ ನೇರ ಫ್ಲ್ಯಾಶ್ ಹೊಡೆಸಿ. ಮನೆಯಲ್ಲೇ ಫೋಟೋಗ್ರಾಫರ್ ಇರುವ ಭಾಗ್ಯ ಎಷ್ಟು ಜನಕ್ಕಿದೆ ಹೇಳಿ! ಅಪರಾಧಿ ಪೌಡರ್ ಅಂತ ಗೊತ್ತಾದರೆ ಚರ್ಮದ ಬಣ್ಣದ್ದು ಅಥವಾ ತಿಳಿ ಹಳದಿಯದು ತಗೊಂಡು, ಅದನ್ನೂ ಮಿತವಾಗಿ ಹಚ್ಚಿ. ಕೆಲವರ ಸಮಸ್ಯೆ ಇಷ್ಟರಲ್ಲೇ ಮುಗಿಯುತ್ತದೆ.

ಪೌಡರ್, ಎಸ್‌ಪಿಎಫ್ ಎರಡೂ ಇಲ್ಲದೆಯೂ ಬೂದುಬಣ್ಣ ಬಂದರೆ ತಪ್ಪಿರುವುದು ಶೇಡ್. ನಮ್ಮ ಕಡೆಯ ಗೋಧಿ ಬಣ್ಣ, ಎಣ್ಣೆಗಪ್ಪು ಮೈಬಣ್ಣಗಳಲ್ಲಿ ಹಳದಿ ಛಾಯೆ ಜಾಸ್ತಿ. ಅದರ ಮೇಲೆ ಗುಲಾಬಿ ಛಾಯೆಯ ತಿಳಿ ಬೇಸ್ ಬಿದ್ದರೆ ಬೂದಿಯೇ. ಅಂಗಡಿಯಲ್ಲಿ ಕೈ ಹಿಂಭಾಗಕ್ಕೆ ಹಚ್ಚಿ ನೋಡುವುದು ಸುಮ್ನೆ. ದವಡೆಯಿಂದ ಕತ್ತಿನವರೆಗೆ ಒಂದು ಗೆರೆ ಎಳೆದು, ಟ್ಯೂಬ್‌ಲೈಟ್ ಬಿಟ್ಟು ಹೊರಗೆ ಬಂದು ನೋಡಬೇಕು. ಗೆರೆ ಕಾಣದೆ ಹೋದದ್ದು ನಿಮ್ಮ ಶೇಡ್. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಕೆಲವು ಲಿಕ್ವಿಡ್‌ಗಳು ಒಣಗಿದ ಮೇಲೆ, ಮುಖದ ಎಣ್ಣೆ ಕೂಡಿದ ಮೇಲೆ ಒಂದು ಶೇಡ್‌ನಷ್ಟು ಕಪ್ಪಾಗುತ್ತವೆ.

ಮದುವೆ ಕೆಲಸದಲ್ಲಿ ಇದಕ್ಕೊಂದು ಎಡವಟ್ಟು ಇದೆ: ಅರಿಶಿನ ಶಾಸ್ತ್ರ. ಹಿಂದಿನ ದಿನ ಅರಿಶಿನ ಹಚ್ಚಿಸಿಕೊಂಡ ಹುಡುಗಿಯ ಮುಖ, ಕತ್ತು ಎರಡೂ ಹಳದಿಯಾಗಿರುತ್ತವೆ. ಆಗ ಹೊಂದಿಸಿದ ಶೇಡ್ ಸಂಜೆ ರಿಸೆಪ್ಷನ್‌ಗೆ ಹೊಂದುವುದಿಲ್ಲ. ಆದ್ದರಿಂದ ಟ್ರಯಲ್ ಶಾಸ್ತ್ರಕ್ಕೆ ಮೊದಲೇ ಮುಗಿಸಿ, ಶೇಡ್ ಬರೆದಿಟ್ಟುಕೊಳ್ಳಿ. ಅರಿಶಿನದ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಸೋಪು ಹಾಕಿ ತಿಕ್ಕಿಸುವ ಬದಲು ಹತ್ತಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಅಥವಾ ಕ್ಲೆನ್ಸಿಂಗ್ ಬಾಮ್ ಹಾಕಿ ಮೆಲ್ಲಗೆ ಒರೆಸಿ, ಆಮೇಲೆ ಮುಖ ತೊಳೆಸಿ. ಜಿಡ್ಡು ಉಳಿದರೆ ಬೇಸ್ ಜಾರುತ್ತದೆ.

ಇನ್ನು ದುಡ್ಡಿನ ಮಾತು. 30 ಮಿಲಿ ಬಾಟಲಿಯಲ್ಲಿ ಒಂದು ಮುಖಕ್ಕೆ ಒಂದೂವರೆ ಮಿಲಿ ಬೇಕು ಅಂದುಕೊಳ್ಳಿ, 20 ಮುಖ ಆಯಿತು. ಬಾಟಲಿ ಆರುನೂರರದಾದರೆ ಮುಖಕ್ಕೆ 30 ರೂಪಾಯಿ, ಮೂರು ಸಾವಿರದ್ದಾದರೆ 150. ಒಂದೇ ಶೇಡ್‌ಗೆ ಮೂರು ಸಾವಿರ ಸುರಿದು ಬಂದ ಹುಡುಗಿಯರಿಗೆಲ್ಲ ಅದನ್ನೇ ಬಳಿಯುವುದಕ್ಕಿಂತ, ಕಡಿಮೆ ಬೆಲೆಯ ಮೂರ್ನಾಲ್ಕು ಶೇಡ್ ಇಟ್ಟುಕೊಂಡು ಬೆರೆಸುವವರ ಫೋಟೋ ಚೆನ್ನಾಗಿ ಬರುತ್ತದೆ. ಕ್ಯಾಮೆರಾಗೆ ಬ್ರ್ಯಾಂಡ್ ಕಾಣುವುದಿಲ್ಲ, ಮುಖಕ್ಕೂ ಕತ್ತಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ.

ನಾನಾದರೆ ಹೀಗೆ ಹಂಚುತ್ತೇನೆ. ಅರ್ಧದಷ್ಟು ದುಡ್ಡಿಗೆ ಮೇಬಲೀನ್, ಲ್ಯಾಕ್ಮೆ, ಸ್ವಿಸ್ ಬ್ಯೂಟಿಯಂಥ ಸುಲಭವಾಗಿ ಸಿಗುವ ಯಾವುದಾದರೂ ಒಂದೇ ಬ್ರ್ಯಾಂಡ್‌ನ ಒಂದೇ ಸಾಲಿನಲ್ಲಿ (ಒಂದೇ ಹೆಸರಿನ ಫೌಂಡೇಶನ್‌ನಲ್ಲಿ) ಮೂರು ಲಿಕ್ವಿಡ್: ತಿಳಿಯದು, ನಡುವಿನದು, ಗಾಢವಾದದ್ದು. ಮೂರಕ್ಕೂ ಛಾಯೆ ಹಳದಿ ಕಡೆಗೇ ಇರಲಿ. ಒಂದೇ ಸಾಲು ಅಂತ ಹೇಳಿದ್ದಕ್ಕೆ ಕಾರಣ ಇದೆ. ನೀರಿನ ಬೇಸ್‌ಗೆ ಸಿಲಿಕೋನ್ ಬೇಸ್ ಬೆರೆಸಿದರೆ ಕೆಲವೊಮ್ಮೆ ಒಡೆದುಕೊಂಡು ಮುಖದ ಮೇಲೆ ಉಂಡೆಯಾಗುತ್ತದೆ. ಉಳಿದ ದುಡ್ಡಿನಲ್ಲಿ ಗಟ್ಟಿ ಬೇಸ್ ಒಂದು ಮತ್ತು ಕಿತ್ತಳೆ ಬಣ್ಣದ ಕರೆಕ್ಟರ್. ಕಣ್ಣಿನ ಕೆಳಗಿನ ಕಪ್ಪಿಗೆ ಮೊದಲು ಕಿತ್ತಳೆ ತೆಳುವಾಗಿ ತಟ್ಟಿದರೆ ಮೇಲೆ ಕಡಿಮೆ ಕನ್ಸೀಲರ್ (ಕಲೆ ಮುಚ್ಚುವ ದಟ್ಟ ಬೇಸ್) ಸಾಕಾಗುತ್ತದೆ. ನೇರ ತಿಳಿ ಕನ್ಸೀಲರ್ ಹಚ್ಚಿದರೆ ಅಲ್ಲೂ ಬೂದಿಯೇ.

ಗಟ್ಟಿ ಬೇಸ್ ಅಂದರೆ ನಮ್ಮಲ್ಲಿ ಬಹಳ ಜನ ಹೇಳುವುದು ಕ್ರಯೋಲಾನ್ ಟಿವಿ ಪೇಂಟ್ ಸ್ಟಿಕ್. 1945ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಕಂಪನಿ ಅದು, ನಾಟಕ ಸಿನಿಮಾದವರ ಸಾಮಾನು. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಸ್ಟಿಕ್ 25 ಗ್ರಾಂ ಇರುತ್ತದೆ, ಬಣ್ಣ ದಟ್ಟ. ಮುಖಕ್ಕೆ ಅರ್ಧ ಗ್ರಾಂ ಹಿಡಿದರೂ 50 ಮುಖ. ಕಲೆ, ಬಂಗು ಇದ್ದ ಕಡೆ ಮಾತ್ರ ಒತ್ತಿ, ಉಳಿದಲ್ಲಿ ಲಿಕ್ವಿಡ್ ಹಚ್ಚಿದರೆ ಇನ್ನೂ ಜಾಸ್ತಿ ದಿನ ಬರುತ್ತದೆ. ಇಡೀ ಮುಖಕ್ಕೆ ದಪ್ಪಗೆ ಬಳಿದರೆ ಛತ್ರದ ಸೆಕೆ, ಹೋಮದ ಹೊಗೆ, ಧಾರೆ ಹೊತ್ತಿನ ಕಣ್ಣೀರು ಎಲ್ಲ ಸೇರಿ ನಗುವ ಗೆರೆಯಲ್ಲಿ ಕೂತುಬಿಡುತ್ತದೆ. ಇದು ಹಳೆಯ ತಲೆನೋವು. ರಂಗಭೂಮಿಯ ದಪ್ಪ ಬಣ್ಣ ಕ್ಯಾಮೆರಾ ಮುಂದೆ ಬಿರುಕು ಬಿಡುತ್ತಿತ್ತು ಅಂತಲೇ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ಸಿನಿಮಾ ನಟರಿಗಾಗಿ ತೆಳು ಗ್ರೀಸ್‌ಪೇಂಟ್ (ಜಿಡ್ಡಿನ ಮುಖಬಣ್ಣ) ಮಾಡಿದ್ದು. ಈಗ 4ಕೆ ವಿಡಿಯೋದವರು ಮುಖದ ಹತ್ತಿರಕ್ಕೇ ಬರುತ್ತಾರೆ, ತೆಳುವಾಗಿದ್ದಷ್ಟೂ ಒಳ್ಳೆಯದು.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. “ಎರಡು ಶೇಡ್ ಬೆಳ್ಳಗೆ ಮಾಡಮ್ಮ” ಅಂತ ಹುಡುಗಿಯ ಅಮ್ಮನೋ ಚಿಕ್ಕಮ್ಮನೋ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಸ್ಟೇಜ್ ಮೇಲಿನ ಎಲ್‌ಇಡಿ ಲೈಟ್, ಫ್ಲ್ಯಾಶ್ ಎರಡೂ ಮುಖವನ್ನು ಹೇಗೂ ಬೆಳಗಿಸುತ್ತವೆ. ಇಡೀ ಫೋಟೋ ಸ್ವಲ್ಪ ತಿಳಿ ಮಾಡುವುದು ನಿಮ್ಮಣ್ಣನಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಬಿಳಿ ಮುಖ, ಕಂದು ಕತ್ತು, ಮದರಂಗಿ ಹಾಕಿದ ಕಂದು ಕೈ ಇರುವ ಐನೂರು ಫೋಟೋಗಳನ್ನು ಒಂದೊಂದಾಗಿ ತಿದ್ದುವುದು ಯಾರ ಕೈಲೂ ಆಗದು. ಟ್ರಯಲ್ ದಿನವೇ ಫ್ಲ್ಯಾಶ್ ಹಾಕಿ ತೆಗೆದ ಎರಡು ಫೋಟೋ ತೋರಿಸಿ, ವಾದಕ್ಕೆ ಅವಕಾಶವೇ ಇರುವುದಿಲ್ಲ.

ಕೊಳ್ಳುವಾಗ ‘ಪ್ರೊ’, ‘ಎಚ್‌ಡಿ’ ಅಕ್ಷರಗಳಿಗೆ ಮರುಳಾಗಬೇಡಿ, ಅವು ಮಾರಾಟದ ಮಾತು. ಹೆಸರಾಂತ ಬ್ರ್ಯಾಂಡ್ ಅರ್ಧ ಬೆಲೆಗೆ ಸಿಕ್ಕರೆ ನಕಲಿ ಇರಬಹುದು. ಹೊರದೇಶದ ಮಾಲಿನ ಮೇಲೆ ಆಮದು ನೋಂದಣಿ ಸಂಖ್ಯೆ ಮತ್ತು ನೋಂದಣಿ ಮಾಡಿಸಿದವರ ಹೆಸರು ವಿಳಾಸ, ಇಲ್ಲಿ ತಯಾರಾದದ್ದರ ಮೇಲೆ ತಯಾರಿಕಾ ಲೈಸೆನ್ಸ್ ಸಂಖ್ಯೆ ಇರಲೇಬೇಕು. ಬಿಲ್ ಇಲ್ಲದ ಕಡೆ ಬೇಸ್ ಕೊಳ್ಳಬೇಡಿ, ಅದು ಹೋಗುವುದು ಬೇರೆಯವರ ಮುಖಕ್ಕೆ. ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂ ಅಂತ ಇದ್ದರೆ ತೆರೆದ ಮೇಲೆ 12 ತಿಂಗಳು ಬಳಸಬಹುದು ಅಂತ. ತೆರೆದ ದಿನವೇ ಬಾಟಲಿ ತಳಕ್ಕೆ ಚೀಟಿ ಅಂಟಿಸಿ ತಾರೀಕು ಬರೆಯಿರಿ. ಒಬ್ಬರಿಗೆ ಮುಟ್ಟಿದ್ದು ಇನ್ನೊಬ್ಬರಿಗೆ ತಾಗದಂತೆ ಸ್ಟಿಕ್ಕನ್ನೂ ನೇರವಾಗಿ ಮುಖಕ್ಕೆ ಉಜ್ಜದೆ, ಚಮಚದಂಥ ಸ್ಪ್ಯಾಚುಲಾದಲ್ಲಿ ಕೆರೆದು ಸ್ಟೀಲ್ ಪ್ಯಾಲೆಟ್ ಮೇಲೆ ಹಾಕಿಕೊಂಡು ಹಚ್ಚಿ.