ಪದ ಪರಿಚಯ: ಆಟೋರೊಟೇಶನ್

ಸಿನಿಮಾದಲ್ಲಿ ಹೆಲಿಕಾಪ್ಟರಿನ ಎಂಜಿನ್ ಕೆಟ್ಟರೆ ಮುಂದೇನಾಗುತ್ತದೆಂದು ನಮಗೆಲ್ಲ ಗೊತ್ತು. ಕೆಂಪು ದೀಪ ಮಿನುಗುತ್ತದೆ, ಯಂತ್ರ ಕಲ್ಲಿನಂತೆ ಕೆಳಗೆ ಬೀಳುತ್ತದೆ, ನೆಲ ಮುಟ್ಟಿದೊಡನೆ ಬೆಂಕಿ. ನಿಜವಾದ ಪೈಲಟ್ ಆ ಹೊತ್ತಿನಲ್ಲಿ ಮಾಡುವ ಕೆಲಸಕ್ಕೆ ಆಟೋರೊಟೇಶನ್ ಎಂದು ಹೆಸರು. ಎಂಜಿನ್ನಿನ ಬಲವಿಲ್ಲದೆ ರೋಟರ್, ಅಂದರೆ ಹೆಲಿಕಾಪ್ಟರಿನ ತಲೆಯ ಮೇಲೆ ಸುತ್ತುವ ಅಲಗುಗಳು, ತಾನಾಗಿ ತಿರುಗುವುದು ಎಂದು ಅದರ ಅರ್ಥ.

ಮಾಮೂಲಿ ಹಾರಾಟದಲ್ಲಿ ಎಂಜಿನ್ ರೋಟರನ್ನು ತಿರುಗಿಸುತ್ತದೆ, ರೋಟರ್ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಎಂಜಿನ್ ನಿಂತಾಗ ಸೈಕಲ್ಲಿನ ಫ್ರೀವೀಲಿನಂಥ ಒಂದು ಕ್ಲಚ್ ಇವೆರಡನ್ನೂ ಬಿಡಿಸುತ್ತದೆ. ತುಳಿಯುವುದು ನಿಂತರೂ ಚಕ್ರ ಓಡುತ್ತಿರುತ್ತದಲ್ಲ, ಹಾಗೆ. ಪೈಲಟ್ ಕೂಡಲೇ ಎಡಗೈಯಲ್ಲಿರುವ ಕಲೆಕ್ಟಿವನ್ನು, ಅಂದರೆ ಎಲ್ಲ ಅಲಗುಗಳ ಓರೆಯನ್ನು ಒಟ್ಟಿಗೆ ಬದಲಿಸುವ ಸನ್ನೆಕೋಲನ್ನು, ಕೆಳಗಿಳಿಸಬೇಕು. ಅಲಗುಗಳ ಓರೆ ಕಡಿಮೆಯಾಗುತ್ತದೆ. ಇಳಿಯುತ್ತಿರುವ ಯಂತ್ರಕ್ಕೆ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ಗಿರಗಿಟ್ಟಲೆಯಂತೆ ತಿರುಗಿಸುತ್ತದೆ. ಹಗುರ ರೋಟರಿನ ಸಣ್ಣ ಹೆಲಿಕಾಪ್ಟರುಗಳಲ್ಲಿ ಕಲೆಕ್ಟಿವ್ ಇಳಿಸಲು ಸಿಗುವುದು ಒಂದೆರಡು ಸೆಕೆಂಡು. ರೋಟರಿನ ವೇಗ ತೀರಾ ಕುಸಿದರೆ ಮರಳಿ ಪಡೆಯಲಾಗದು.

ಇಳಿತ ಜೋರಾಗಿಯೇ ಇರುತ್ತದೆ, ಎಷ್ಟೋ ಹೆಲಿಕಾಪ್ಟರುಗಳಲ್ಲಿ ನಿಮಿಷಕ್ಕೆ 1,500–2,000 ಅಡಿ. ಆದರೆ ಹಿಡಿತ ಪೈಲಟ್ ಕೈಯಲ್ಲೇ ಇರುತ್ತದೆ. ತಿರುಗಬಹುದು, ಇಳಿಯುವ ಜಾಗ ಆರಿಸಬಹುದು. ನೆಲ ಹತ್ತಿರವಾದಾಗ ಮೂತಿ ಎತ್ತಿ ವೇಗ ಮುರಿಯುತ್ತಾರೆ, ಇದು ಫ್ಲೇರ್. ಕೊನೆಯ ಕೆಲವು ಅಡಿಗಳಲ್ಲಿ ಕಲೆಕ್ಟಿವ್ ಎತ್ತಿದಾಗ ರೋಟರಿನಲ್ಲಿ ಉಳಿದಿದ್ದ ಶಕ್ತಿಯೆಲ್ಲ ಖರ್ಚಾಗಿ ಯಂತ್ರ ಮೆತ್ತಗೆ ಕೂರುತ್ತದೆ. ಈ ಶಕ್ತಿ ಒಂದೇ ಸಲಕ್ಕೆ ಸಾಕಾಗುವಷ್ಟು. 1972ರಲ್ಲಿ ಫ್ರಾನ್ಸಿನ ಪೈಲಟ್ ಜಾನ್ ಬುಲೆ 12,442 ಮೀಟರ್ ಎತ್ತರಕ್ಕೇರಿ ದಾಖಲೆ ಮಾಡಿದಾಗ ಅವರ ಲಾಮಾ ಹೆಲಿಕಾಪ್ಟರಿನ ಎಂಜಿನ್ ಆರಿಹೋಯಿತು. ಅಲ್ಲಿಂದ ನೆಲದವರೆಗೂ ಅವರು ಆಟೋರೊಟೇಶನ್ನಿನಲ್ಲೇ ಇಳಿದರು.

ಸಿನಿಮಾ ನಮ್ಮಲ್ಲಿ ಬೆಳೆಸಿರುವ ಭಯ ತಲೆಕೆಳಗಾಗಿದೆ ಎಂದು ನನಗನ್ನಿಸುವುದು ಇಲ್ಲೇ. ಎತ್ತರ ಕಂಡರೆ ನಾವು ಹೆದರುತ್ತೇವೆ. ಪೈಲಟ್‌ಗೆ ಎತ್ತರವೆಂದರೆ ಸಮಯ. ನಾಯಕ ಜಿಗಿದು ಹತ್ತಲೆಂದು ಹೆಲಿಕಾಪ್ಟರ್ ಕಟ್ಟಡದೆತ್ತರದಲ್ಲಿ ಅಲುಗದೆ ನಿಂತಿರುವ ದೃಶ್ಯ ನಮಗೆ ನೆಮ್ಮದಿಯದು. ಮುನ್ನುಗ್ಗುವ ವೇಗವೂ ಇಲ್ಲದ, ಸಾಕಷ್ಟು ಎತ್ತರವೂ ಇಲ್ಲದ ಆ ಸ್ಥಿತಿಯಲ್ಲಿ ಎಂಜಿನ್ ನಿಂತರೆ ಆಟೋರೊಟೇಶನ್ ಹಿಡಿಯಲು ಅವಕಾಶವೇ ಇರದು. ಹೆಲಿಕಾಪ್ಟರಿನ ಕೈಪಿಡಿಯಲ್ಲಿ ಎತ್ತರ ಮತ್ತು ವೇಗದ ಒಂದು ನಕ್ಷೆ ಇರುತ್ತದೆ, ಯಾವ ವಲಯದಿಂದ ದೂರವಿರಬೇಕೆಂದು ಅದು ತೋರಿಸುತ್ತದೆ. ಅದರ ಗೆರೆಗೆ ಪೈಲಟ್‌ಗಳು ಇಟ್ಟ ಹೆಸರು ಡೆಡ್ ಮ್ಯಾನ್ಸ್ ಕರ್ವ್. ಕ್ಯಾಮೆರಾ ಬಯಸುವುದು ಬಹುಪಾಲು ಇದೇ ವಲಯವನ್ನು.

ಬಾಲದ ರೋಟರ್ ಕೆಟ್ಟಾಗಲೂ ಇದೇ ಉಪಾಯ. ಎಂಜಿನ್ ಮೇಲಿನ ರೋಟರನ್ನು ತಿರುಗಿಸುವಾಗ ಒಡಲು ಎದುರು ದಿಕ್ಕಿಗೆ ಸುತ್ತದಂತೆ ತಡೆಯುವುದು ಬಾಲದ ರೋಟರಿನ ಕೆಲಸ. ಎಂಜಿನ್ನಿನ ಬಲ ತೆಗೆದರೆ ಒಡಲನ್ನು ಗಿರ್ರೆಂದು ಸುತ್ತಿಸುವ ಆ ತಿರುಚು ಬಲವೂ ಹೋಗುತ್ತದೆ. ಅದಕ್ಕೂ ಎತ್ತರ ಬೇಕು. 1982ರ ಜುಲೈ 23ರಂದು ಕ್ಯಾಲಿಫೋರ್ನಿಯಾದಲ್ಲಿ ‘ಟ್ವೈಲೈಟ್ ಜೋನ್’ ಚಿತ್ರೀಕರಣದ ವೇಳೆ ಸ್ಫೋಟಕಗಳಿಂದ ಹೆಲಿಕಾಪ್ಟರಿನ ಬಾಲದ ರೋಟರ್ ಕೆಟ್ಟಾಗ ಅದು ನೆಲದಿಂದ ಸುಮಾರು 25 ಅಡಿ ಎತ್ತರದಲ್ಲಿತ್ತು. ಅದರಡಿಯಲ್ಲಿದ್ದ ನಟ ವಿಕ್ ಮಾರೋ ಮತ್ತು ಇಬ್ಬರು ಮಕ್ಕಳು ಸತ್ತರು.