ಕಿಟಕಿ ಯಾವ ದಿಕ್ಕಿಗಿದೆ, ಈಗ ಯಾವ ತಿಂಗಳು?

ಧಾರವಾಡದ ಕೃಷಿ ಮೇಳ ಮುಗಿದು ಎರಡು ತಿಂಗಳಾಗುವಷ್ಟರಲ್ಲಿ ನನ್ನ ನರ್ಸರಿಗೆ ಒಂದೇ ಥರದ ಫೋಟೋಗಳು ಬರತೊಡಗುತ್ತವೆ. ಕೊಂಡಾಗ ಕಮಲದ ಹೂವಿನಂತೆ ಒತ್ತೊತ್ತಾಗಿದ್ದ ಎಚೆವೇರಿಯಾ (ದಪ್ಪ ಎಲೆಯಲ್ಲಿ ನೀರು ಕೂಡಿಡುವ ಸಕ್ಯುಲೆಂಟ್ ಜಾತಿಯ ಗಿಡ) ಕೊರಳು ಉದ್ದ ಮಾಡಿಕೊಂಡು ಒಂದು ಕಡೆ ವಾಲಿರುತ್ತದೆ. ಹೋದ ವರ್ಷ ಸಪ್ತಾಪುರದ ಅಜ್ಜಿಯೊಬ್ಬರು ಕುಂಡವನ್ನೇ ಹೊತ್ತು ತಂದಿದ್ದರು. "ನೋಡ್ರಿ, ಎಷ್ಟು ಚಲೋ ಬೆಳದೈತಿ!" ಅವರ ಮುಖದಲ್ಲಿ ಅಷ್ಟು ಖುಷಿ ಇತ್ತು. ಬೆಳಕು ಸಾಲದೆ ಹೀಗಾಗಿದೆ ಅಂತ ಹೇಳಲು ಮನಸ್ಸು ಬರಲಿಲ್ಲ, ಆದರೆ ಹೇಳಲೇಬೇಕಿತ್ತು.

ಎಲ್ಲಿಟ್ಟಿದ್ರಿ ಅಂತ ಕೇಳಿದೆ. "ಪಡಸಾಲ್ಯಾಗ, ಟಿವಿ ಬಾಜೂಕ. ಅಲ್ಲೆ ಬೆಳಕು ಭಾಳ ಐತ್ರಿ."

ಅವರ ಮಾತು ಸುಳ್ಳಲ್ಲ. ನಮ್ಮ ಕಣ್ಣಿಗೆ ಅಲ್ಲಿ ಪೇಪರ್ ಓದುವಷ್ಟು ಬೆಳಕಿರುತ್ತದೆ. ಕಣ್ಣು ಕತ್ತಲೆಗೂ ಬೆಳಕಿಗೂ ಬೇಗ ಹೊಂದಿಕೊಳ್ಳುತ್ತದೆ, ಹಾಗಾಗಿ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಮಧ್ಯಾಹ್ನದ ಬಯಲು ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮನೆ ನಡುವಿನ ಗೋಡೆ ಪಕ್ಕ ಕೆಲವು ನೂರು ಇದ್ದರೆ ಹೆಚ್ಚು. ಕಿಟಕಿಯಿಂದ ಮೂರು ಅಡಿ ಒಳಗೆ ಸರಿದರೂ ಬೆಳಕು ಬಹಳ ಇಳಿದಿರುತ್ತದೆ. ಅದರ ಮೇಲೆ ನಮ್ಮಲ್ಲಿ ಪ್ರತಿ ಕಿಟಕಿಗೂ ಸೊಳ್ಳೆ ಜಾಳಿಗೆ ಇರುತ್ತದೆ. ಅದರಲ್ಲಿ ಧೂಳು ಕೂತರೆ ಇನ್ನಷ್ಟು ಬೆಳಕು ಅಲ್ಲೇ ಹೋಯಿತು.

ಎಷ್ಟು ತಾಸು ಬಿಸಿಲು ಬೇಕು ಅಂತ ಎಲ್ಲರೂ ಕೇಳುತ್ತಾರೆ. ಎಚೆವೇರಿಯಾ, ಸೀಡಮ್, ಕಳ್ಳಿ ಜಾತಿ, ಅಡೇನಿಯಂ ಇವಕ್ಕೆ ದಿನಕ್ಕೆ 4ರಿಂದ 6 ತಾಸು ನೇರ ಬಿಸಿಲು. ಜೇಡ್‌ಗೆ 4 ತಾಸು ಸಿಕ್ಕರೆ ಚೆನ್ನಾಗಿ ಬರುತ್ತದೆ. ಹಾವರ್ಥಿಯಾ, ಗ್ಯಾಸ್ಟೇರಿಯಾ ತಮ್ಮ ತವರು ದಕ್ಷಿಣ ಆಫ್ರಿಕಾದಲ್ಲಿ ಪೊದೆಗಳ ನೆರಳಲ್ಲಿ ಬೆಳೆಯುವಂಥವು. ಬೆಳಗಿನ ಒಂದೆರಡು ತಾಸು ಸಾಕು. ಸ್ನೇಕ್ ಪ್ಲಾಂಟ್ ಕಡಿಮೆ ಬೆಳಕಲ್ಲೂ ಜೀವ ಹಿಡಿದಿರುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಡಬಹುದು. ಆದರೆ ಅದೇ ಕಿಟಕಿಗೆ ಡಿಸೆಂಬರ್‌ನಲ್ಲಿ ಬಂದ ಬಿಸಿಲು ಮೇ ತಿಂಗಳಲ್ಲಿ ಬರುವುದಿಲ್ಲ. ನಾನು ಜನರಿಗೆ ಕೇಳುವುದು ಅದಕ್ಕೇ: ಕಿಟಕಿ ಯಾವ ದಿಕ್ಕಿಗಿದೆ, ಈಗ ಯಾವ ತಿಂಗಳು?

ಅಮೆರಿಕ, ಇಂಗ್ಲೆಂಡಿನವರ ವಿಡಿಯೋಗಳಲ್ಲಿ ದಕ್ಷಿಣದ ಕಿಟಕಿ ಶ್ರೇಷ್ಠ ಅನ್ನುತ್ತಾರೆ. ಅವರಿಗೆ ಅದು ಸರಿ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಧಾರವಾಡ ಇರುವುದು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಎಳ್ಳಮಾಸೆ ಹೊತ್ತಿಗೆ ನೋಡಿ, ಸೂರ್ಯ ಮಧ್ಯಾಹ್ನವೂ ದಕ್ಷಿಣದ ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರಕ್ಕೇ ನಿಲ್ಲುತ್ತಾನೆ. ಅದೇ ದಕ್ಷಿಣದ ಕಿಟಕಿಯಲ್ಲಿ ಬಿಸಿಲು ಒಳಗೆ ನೆಲದವರೆಗೂ ಚಾಚುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಅದು ಎಚೆವೇರಿಯಾಕ್ಕೆ ಒಳ್ಳೆಯ ಜಾಗ.

ವರ್ಷವಿಡೀ ನಂಬಬಹುದಾದದ್ದು ಪೂರ್ವದ ಕಿಟಕಿ. ಎದುರಿಗೆ ಕಟ್ಟಡ ಇಲ್ಲದಿದ್ದರೆ ಬೆಳಗಿನ ಮೂರು ನಾಲ್ಕು ತಾಸು ಹದವಾದ ಬಿಸಿಲು ಸಿಗುತ್ತದೆ. ಪಶ್ಚಿಮದ ಕಿಟಕಿ ಚಳಿಗಾಲದಲ್ಲಿ ಪರವಾಗಿಲ್ಲ. ಮಾರ್ಚ್‌ನಿಂದ ಮೇವರೆಗೆ ಹುಬ್ಬಳ್ಳಿ, ಗದಗದ ಸಂಜೆ ಬಿಸಿಲು ಗಾಜಿನ ಹಿಂದೆ ಎಲೆ ಸುಡುತ್ತದೆ. ಒಂದು ತೆಳು ಪರದೆ ಹಾಕಿ, ಅಥವಾ ಕುಂಡವನ್ನು ಎರಡಡಿ ಒಳಗೆ ಸರಿಸಿ.

ನನಗೆ ಬೇಸಿಗೆಗಿಂತ ಜಾಸ್ತಿ ಚಿಂತೆ ಮಳೆಗಾಲದ್ದು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡಕ್ಕೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಅಲ್ವಾ? ಈ ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಡುತ್ತವೆ. ಹಗಲಿನ ಬೆಳಕು ಬಂದಾಗ ಅದನ್ನು ಸಕ್ಕರೆ ಮಾಡಿಕೊಳ್ಳುತ್ತವೆ. ಬೆಳಕೇ ಇಲ್ಲದಿದ್ದರೆ ಕೆಲಸ ನಿಂತಂತೆ. ನೀರೂ ಬೇಕಾಗುವುದಿಲ್ಲ. ನಾವು ಮಾತ್ರ ವಾರಕ್ಕೊಮ್ಮೆ ಸುಮ್ನೆ ಹಾಕುತ್ತಲೇ ಇರುತ್ತೇವೆ. ಕುಂಡದಲ್ಲಿ ಎರೆ ಮಣ್ಣಿದ್ದರೆ ಅದು ಆರುವುದೂ ಇಲ್ಲ. ಬುಡ ಕೊಳೆಯುವುದು ಹೀಗೆ. ಜುಲೈ, ಆಗಸ್ಟ್‌ನಲ್ಲಿ ಮಣ್ಣು ತಳದವರೆಗೆ ಒಣಗಿದ ಮೇಲೆ ಸ್ವಲ್ಪ ನೀರು ಕೊಡಿ. ಕುಂಡವನ್ನು ಮಳೆ ತಾಗದ ಹಾಗೆ, ಆದರೆ ಮನೆಯಲ್ಲಿ ಅತಿ ಹೆಚ್ಚು ಬೆಳಕಿರುವಲ್ಲಿ ಇಡಿ. ಅಂಥ ಜಾಗವೇ ಇಲ್ಲದ ಫ್ಲ್ಯಾಟ್ ಆದರೆ ಒಂದು ಬಿಳಿ ಎಲ್‌ಇಡಿ ದೀಪವನ್ನು ಗಿಡದಿಂದ ಒಂದಡಿಯೊಳಗೆ ಕಟ್ಟಿ, ದಿನಕ್ಕೆ 12 ತಾಸು ಉರಿಸಿ.

ನೀರಿಗಿಂತ ಬೆಳಕು ಮುಖ್ಯ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ದೃಷ್ಟಿ ತಾಗದಿರಲಿ ಅಂತ ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ನೋಡಿ. ಮಣ್ಣಿಲ್ಲ, ನೀರಿಲ್ಲ. ಆದರೂ ತುದಿ ಮೇಲಕ್ಕೆ ತಿರುಗಿಸಿಕೊಂಡು ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಎಲೆಯೊಳಗಿನ ನೀರು, ಬಾಗಿಲ ಬೆಳಕು ಎರಡರಲ್ಲೇ ಬದುಕುತ್ತದೆ.

ಮಳೆ ನಿಂತು ಬಿಸಿಲು ಬಿದ್ದ ದಿನವೇ ಗಿಡವನ್ನು ಮಾಳಿಗೆ ಮೇಲೆ ಇಟ್ಟುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನರ್ಸರಿಯಲ್ಲೂ ಇವು ಹಸಿರು ನೆರಳುಬಲೆಯ ಕೆಳಗೇ ಬೆಳೆದಿರುತ್ತವೆ. ಮೊದಲ ದಿನ ಒಂದು ತಾಸು ಎಳೆ ಬಿಸಿಲು, ಎರಡು ಮೂರು ದಿನಕ್ಕೊಮ್ಮೆ ಅರ್ಧ ತಾಸು ಹೆಚ್ಚಿಸಿ. ಎರಡು ವಾರ ಬೇಕು. ಎಲೆ ಅಂಚು ಕೆಂಪಾದರೆ ಹೆದರಬೇಡಿ, ಬಿಸಿಲಿಗೆ ಗಿಡ ತೋರುವ ಬಣ್ಣ ಅದು. ಬಿಳಿಚಿದ ಅಥವಾ ಕಂದು ಕಲೆ ಬಂದರೆ ಮಾತ್ರ ಸುಟ್ಟಿದೆ ಎಂದರ್ಥ. ಆ ಎಲೆ ಮತ್ತೆ ಸರಿಯಾಗುವುದಿಲ್ಲ.

ಉದ್ದವಾದ ಕೊರಳೂ ಹಾಗೇ, ಮತ್ತೆ ಗಿಡ್ಡವಾಗುವುದಿಲ್ಲ. ಅಜ್ಜಿಯ ಗಿಡದ ತಲೆಯನ್ನು ಎರಡು ಇಂಚು ಕಾಂಡದ ಜೊತೆ ಕತ್ತರಿಸಿದೆ. ನಾಲ್ಕೈದು ದಿನ ನೆರಳಲ್ಲಿ ಇಟ್ಟು ಗಾಯ ಒಣಗಿಸಿ, ಮರಳು ಬೆರೆಸಿದ ಕೆಂಪು ಮಣ್ಣಿನಲ್ಲಿ ಊರಿಕೊಟ್ಟೆ. ಬೋಳು ಕಾಂಡವನ್ನು ಎಸೆಯಲು ಹೊರಟಿದ್ದರು, ತಡೆದೆ. ಅದನ್ನೂ ಪೂರ್ವದ ಕಿಟಕಿಯಲ್ಲಿಡಿ ಅಂದೆ. ಸಂಕ್ರಾಂತಿ ಕಳೆದ ಮೇಲೆ ಫೋನ್ ಮಾಡಿದರು. ಕಾಂಡದ ಪಕ್ಕದಲ್ಲಿ ಮೂರು ಮರಿ ಬಂದಿದ್ದವು.