ಲಿಸ್ಪ್‌ನಿಂದ ಇನ್ನೊಂದು ಪ್ರೋಗ್ರಾಂ ಓಡಿಸೋಕೆ ಯಾಕಿಷ್ಟು ಗೋಳು?

ಕಾಮನ್ ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಸ್ಟ್ಯಾಂಡರ್ಡ್‌ನಲ್ಲಿ, ಅಂದರೆ ಅದರ ಅಧಿಕೃತ ನಿಯಮಗಳಲ್ಲಿ, ಫಂಕ್ಷನ್ ಮುಂತಾದವುಗಳ 978 ಹೆಸರುಗಳಿವೆ. ಒಂದು ಸಂಖ್ಯೆಯನ್ನು ರೋಮನ್ ಅಂಕಿಯಲ್ಲಿ ಪ್ರಿಂಟ್ ಮಾಡಬೇಕಾ? ಅದಕ್ಕೂ ದಾರಿ ಇದೆ, ಸುಮ್ನೆ ಹೇಳ್ತಿಲ್ಲ, ಫಾರ್ಮ್ಯಾಟ್ ಫಂಕ್ಷನ್‌ನಲ್ಲಿ ಅದಕ್ಕಂತಲೇ ಒಂದು ಗುರುತು ಇದೆ. ಆದರೆ ಗಿಟ್ಟನ್ನೋ, ಸಿ ಕಂಪೈಲರನ್ನೋ ಲಿಸ್ಪ್ ಒಳಗಿಂದ ಓಡಿಸಿ, ಅದು ಏನು ಬರೆಯಿತು ಅಂತ ಓದಿಕೊಳ್ಳಬೇಕು ಅಂದ್ರೆ ಆ 978ರಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ. ಪೈಥಾನ್‌ನಿಂದ ಬಂದವರು ಮೊದಲ ವಾರದಲ್ಲೇ ಇಲ್ಲಿ ಎಡವುತ್ತಾರೆ. ನಾನೂ ಎಡವಿದ್ದೆ.

ಇದು ಮರೆವಿನಿಂದ ಆದದ್ದಲ್ಲ. ಕಾಮನ್ ಲಿಸ್ಪ್ ಭಾಷೆಯನ್ನು ವಿವರಿಸಿದ ಗೈ ಸ್ಟೀಲ್ ಅವರ ಪುಸ್ತಕ ಬಂದದ್ದು 1984ರಲ್ಲಿ, ಅಮೆರಿಕದ ಆನ್ಸಿ ಸಂಸ್ಥೆಯ ಸ್ಟ್ಯಾಂಡರ್ಡ್ ಬಂದದ್ದು 1994ರಲ್ಲಿ. ಶುರುವಿನ ದಿನಗಳಲ್ಲಿ ಲಿಸ್ಪ್ ಓಡುತ್ತಿದ್ದ ಮಷೀನ್‌ಗಳನ್ನು ನೋಡಿ: ಒಂದು ಕಡೆ ವಿಎಂಎಸ್, ಇನ್ನೊಂದು ಕಡೆ ಟಾಪ್ಸ್-20, ಯುನಿಕ್ಸ್ ಅಂತ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳು, ಜೊತೆಗೆ ಸಿಂಬಾಲಿಕ್ಸ್‌ನಂಥ ಲಿಸ್ಪ್ ಮಷೀನ್‌ಗಳು. ಲಿಸ್ಪ್ ಮಷೀನ್‌ನಲ್ಲಿ ಎಡಿಟರ್, ಕಂಪೈಲರ್, ನೆಟ್‌ವರ್ಕ್ ಎಲ್ಲಾ ಒಂದೇ ಮೆಮೊರಿಯಲ್ಲಿ ಒಟ್ಟಿಗೆ ಇರುತ್ತಿದ್ದವು. ಅಲ್ಲಿ ‘ಹೊರಗಿನ ಪ್ರೋಗ್ರಾಂ’ ಅನ್ನೋ ಮಾತಿಗೇ ಅರ್ಥ ಇಲ್ಲ, ಬೇಕಾದ ಫಂಕ್ಷನ್ ಕರೆದರೆ ಆಯ್ತು. ಇಷ್ಟು ಬೇರೆ ಬೇರೆ ಮನೆಗಳಿಗೆ ಒಂದೇ ಬಾಗಿಲು ಕೂರಿಸುವುದು ಕಷ್ಟ. ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ), ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸ), ಸಾಕೆಟ್ (ನೆಟ್‌ವರ್ಕ್ ಸಂಪರ್ಕ) ಮೂರೂ ಸ್ಟ್ಯಾಂಡರ್ಡ್‌ನಿಂದ ಹೊರಗೇ ಉಳಿದವು.

ಆಮೇಲೆ ಲಿಸ್ಪ್ ಕಂಪೈಲರ್ ಬರೆಯುವವರು ಒಬ್ಬೊಬ್ಬರು ಒಂದೊಂದು ಮಾಡಿಕೊಂಡರು. ಸಿಎಂಯುಸಿಎಲ್ ಅನ್ನುವ ಲಿಸ್ಪ್‌ನಲ್ಲಿ ರನ್-ಪ್ರೋಗ್ರಾಂ ಅನ್ನುವ ಫಂಕ್ಷನ್ ಬಂತು, 1999ರಲ್ಲಿ ಅದರಿಂದ ಕವಲೊಡೆದ ಎಸ್‌ಬಿಸಿಎಲ್‌ಗೂ ಅದೇ ಬಂತು. ಕ್ಲೋಜರ್ ಸಿಎಲ್‌ನಲ್ಲೂ ಅದೇ ಹೆಸರು. ಅಲೆಗ್ರೋ ಮತ್ತು ಲಿಸ್ಪ್‌ವರ್ಕ್ಸ್‌ನಲ್ಲಿ ರನ್-ಶೆಲ್-ಕಮಾಂಡ್, ಆದರೆ ಒಂದರ ಆರ್ಗ್ಯುಮೆಂಟ್ ಇನ್ನೊಂದಕ್ಕೆ ಹೊಂದುವುದಿಲ್ಲ. ಎಬಿಸಿಎಲ್ ಜಾವಾ ಮೇಲೆ ಕೂತಿದೆ, ಅದು ಜಾವಾವನ್ನೇ ಕೇಳಬೇಕು. ನನ್ನ ಪ್ರಕಾರ ಹೆಸರು ಬೇರೆ ಇದ್ದರೆ ಪರವಾಗಿಲ್ಲ, ಹೆಸರು ಒಂದೇ ಇದ್ದು ನಡತೆ ಬೇರೆ ಇದ್ದಾಗಲೇ ಜಾಸ್ತಿ ಕಾಟ. ಕ್ಲೋಜರ್ ಸಿಎಲ್‌ನಲ್ಲಿ ರನ್-ಪ್ರೋಗ್ರಾಂಗೆ ‘ಎಲ್‌ಎಸ್’ (ಫೈಲ್ ಪಟ್ಟಿ ತೋರಿಸುವ ಕಮಾಂಡ್) ಅಂತ ಕೊಟ್ಟರೆ ಪಾತ್‌ನಲ್ಲಿ, ಅಂದರೆ ಪ್ರೋಗ್ರಾಂಗಳಿರುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಹುಡುಕಿ ಓಡಿಸುತ್ತದೆ. ಎಸ್‌ಬಿಸಿಎಲ್‌ನಲ್ಲಿ ಅದನ್ನೇ ಕೊಟ್ಟರೆ ಅಂಥ ಪ್ರೋಗ್ರಾಂ ಇಲ್ಲ ಅನ್ನುತ್ತದೆ. ಅಲ್ಲಿ ಪ್ರೋಗ್ರಾಂ ಇರುವ ಜಾಗದ ಪೂರ್ತಿ ವಿಳಾಸ ಕೊಡಬೇಕು, ಇಲ್ಲವೇ ‘ಸರ್ಚ್’ ಅನ್ನುವ ಕೀವರ್ಡ್ ಆನ್ ಮಾಡಬೇಕು. ಔಟ್‌ಪುಟ್ ಎಲ್ಲಿಗೆ ಅಂತ ನೀವು ಹೇಳದಿದ್ದರೆ ಅದು ಸದ್ದಿಲ್ಲದೆ ಡೆವ್-ನಲ್‌ಗೆ, ಅಂದರೆ ಬರೆದದ್ದೆಲ್ಲ ಮಾಯವಾಗುವ ಜಾಗಕ್ಕೆ, ಹೋಗುತ್ತದೆ. ಪ್ರೋಗ್ರಾಂ ಓಡಿದೆ, ಸ್ಕ್ರೀನ್ ಮಾತ್ರ ಖಾಲಿ.

ಇದಕ್ಕೆಲ್ಲ ಒಂದೇ ಕಡೆ ಉತ್ತರ ಕೊಡಲು ಹೋದದ್ದು ಒಂದು ಬಿಲ್ಡ್ ಟೂಲ್, ಅಂದರೆ ಒಂದು ಪ್ರಾಜೆಕ್ಟಿನ ಫೈಲ್‌ಗಳನ್ನೆಲ್ಲ ಸರಿಯಾದ ಕ್ರಮದಲ್ಲಿ ಕಂಪೈಲ್ ಮಾಡುವ ಪ್ರೋಗ್ರಾಂ. ಡೇನಿಯಲ್ ಬಾರ್ಲೋ 2000ದ ದಶಕದ ಮೊದಲ ವರ್ಷಗಳಲ್ಲಿ ಎಎಸ್‌ಡಿಎಫ್ ಬರೆದಾಗ ಅದರಲ್ಲೂ ಒಂದು ರನ್-ಶೆಲ್-ಕಮಾಂಡ್ ಇತ್ತು. ನೀವು ಕೊಟ್ಟ ಸ್ಟ್ರಿಂಗನ್ನು ಮೊದಲು ಫಾರ್ಮ್ಯಾಟ್ ಫಂಕ್ಷನ್‌ಗೆ ಹಾಕಿ, ಬಂದದ್ದನ್ನು ಶೆಲ್‌ಗೆ (ಟೈಪ್ ಮಾಡಿದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂಗೆ) ಕೊಡುತ್ತಿತ್ತು. ಅನುಕೂಲ ಅನ್ನಿಸುತ್ತದೆ ಅಲ್ವಾ? ಫಾರ್ಮ್ಯಾಟ್‌ನಲ್ಲಿ ಎಲ್ಲಾ ಗುರುತುಗಳೂ ಶುರುವಾಗುವುದು ಟಿಲ್ಡೆಯಿಂದ, ಅಂದರೆ ~ ಇಂದ. ಶೆಲ್‌ನಲ್ಲಿ ಅದೇ ~ ಅಂದರೆ ಹೋಮ್ ಡೈರೆಕ್ಟರಿ. ‘~/ಫೋಟೋ/’ ಪಟ್ಟಿ ಮಾಡು ಅಂತ ನೀವು ಬರೆದಿರುತ್ತೀರಿ, ಫಾರ್ಮ್ಯಾಟ್‌ಗೆ ಅದರ ಅರ್ಥ ‘ಫೋಟೋ ಅನ್ನುವ ಫಂಕ್ಷನ್ ಕರಿ’ ಅಂತ. ನಗು ಬರುತ್ತದೆ, ಆದರೆ ಅದು ನಿಜವಾಗಿಯೂ ಹಾಗೇ ಓದಿಕೊಳ್ಳುತ್ತದೆ. ಈಮ್ಯಾಕ್ಸ್ ಎಡಿಟರ್ ಮಾಡುವ ಬ್ಯಾಕಪ್ ಫೈಲ್‌ಗಳ ಹೆಸರೂ ~ ಇಂದಲೇ ಮುಗಿಯುತ್ತದೆ, ಲಿಸ್ಪ್ ಬರೆಯುವವರಲ್ಲಿ ಈಮ್ಯಾಕ್ಸ್ ಬಳಸದವರು ಕಡಿಮೆ. ಇದರ ಮೇಲೆ, ಔಟ್‌ಪುಟ್ ನಿಮ್ಮ ಕೈಗೆ ಬರುತ್ತಿರಲಿಲ್ಲ. ಅದು ಬಿಲ್ಡ್ ಸಂದೇಶಗಳ ಜೊತೆ ಬೆರೆತು ಹೋಗುತ್ತಿತ್ತು, ನಿಮಗೆ ಸಿಗುತ್ತಿದ್ದದ್ದು ಎಕ್ಸಿಟ್ ಕೋಡ್, ಅಂದರೆ ಕೆಲಸ ಸರಿಯಾಯ್ತೋ ಇಲ್ಲವೋ ಅಂತ ಹೇಳುವ ಸಂಖ್ಯೆ, ಮಾತ್ರ.

ನಡುವೆ ಟ್ರಿವಿಯಲ್-ಶೆಲ್, ಎಕ್ಸ್‌ಟರ್ನಲ್-ಪ್ರೋಗ್ರಾಂ ಅಂತ ಬೇರೆ ಲೈಬ್ರರಿಗಳೂ ಬಂದವು. ಪಟ್ಟು ಹಿಡಿದು ಕೂತವರು ಫ್ರಾಂಸ್ವಾ-ರೆನೆ ರಿದೋ, ಎಲ್ಲರೂ ಫಾರೆ ಅಂತ ಕರೆಯುವವರು. ಅವರು ಎಕ್ಸ್‌ಸಿವಿಬಿ ಅಂತ ಒಂದು ಬಿಲ್ಡ್ ಟೂಲ್ ಬರೆಯುತ್ತಿದ್ದರು. ಒಂದೊಂದು ಫೈಲನ್ನೂ ಬೇರೆ ಬೇರೆ ಪ್ರೋಸೆಸ್‌ನಲ್ಲಿ ಕಂಪೈಲ್ ಮಾಡುವುದು ಅದರ ಹಟ. ಹಾಗಾಗಿ ಪ್ರೋಗ್ರಾಂ ಓಡಿಸುವುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಎಕ್ಸ್‌ಸಿವಿಬಿ ಹೆಚ್ಚು ಹಬ್ಬಲಿಲ್ಲ. ಆದರೆ ಅದರ ತಳದಲ್ಲಿದ್ದ ಕೋಡ್ ಯುಐಒಪಿ ಅನ್ನುವ ಹೆಸರಲ್ಲಿ 2013ರ ಎಎಸ್‌ಡಿಎಫ್ 3ರ ಒಳಗೆ ಸೇರಿತು. ಎಎಸ್‌ಡಿಎಫ್ ಹೆಚ್ಚಿನ ಎಲ್ಲಾ ಲಿಸ್ಪ್‌ಗಳ ಜೊತೆಗೇ ಬರುತ್ತದೆ, ಹಾಗಾಗಿ ಯುಐಒಪಿಯನ್ನು ಯಾರೂ ಬೇರೆಯಾಗಿ ಡೌನ್‌ಲೋಡ್ ಮಾಡಬೇಕಿಲ್ಲ. ಅದು ಗೆದ್ದದ್ದು ಮುಖ್ಯವಾಗಿ ಇದರಿಂದಲೇ ಅಂತ ನನಗೆ ಅನ್ನಿಸುತ್ತದೆ, ಕೋಡ್ ಚೆಂದಕ್ಕೆ ಅಂತೂ ಅಲ್ಲ. ಒಳಗೆ ತೆರೆದು ನೋಡಿದರೆ ಯಾವ ಲಿಸ್ಪ್ ಇದ್ದರೆ ಏನು ಮಾಡಬೇಕು ಅನ್ನುವ ಷರತ್ತುಗಳ ಕಾಡು.

ಯುಐಒಪಿ ಮಾಡಿದ ದೊಡ್ಡ ಕೆಲಸ ಒಂದಿದೆ. ಕಮಾಂಡನ್ನು ಸ್ಟ್ರಿಂಗ್ ಆಗಿ ಕೊಟ್ಟರೆ ಶೆಲ್‌ಗೆ ಹೋಗುತ್ತದೆ, ಪಟ್ಟಿ ಆಗಿ ಕೊಟ್ಟರೆ ನೇರ ಪ್ರೋಗ್ರಾಂಗೆ. ‘ನನ್ನ ಫೋಟೋ’ ಅನ್ನುವ ಫೈಲ್ ಪಟ್ಟಿಯಲ್ಲಿ ಒಂದೇ ಪದ, ಶೆಲ್‌ಗೆ ಎರಡು. ಯುನಿಕ್ಸ್‌ನಲ್ಲಿ ಇದು ಸಲೀಸು, ಕರ್ನಲ್‌ಗೇ ಪದಗಳ ಸಾಲು ಬೇಕು. ವಿಂಡೋಸ್‌ನಲ್ಲಿ ಪ್ರೋಗ್ರಾಂ ಶುರು ಮಾಡುವ ಕ್ರಿಯೇಟ್‌ಪ್ರೋಸೆಸ್ ಫಂಕ್ಷನ್‌ಗೆ ಕೊಡುವುದು ಒಂದೇ ಉದ್ದ ಸ್ಟ್ರಿಂಗ್, ಅದನ್ನು ಪದಗಳಾಗಿ ಕತ್ತರಿಸಿಕೊಳ್ಳುವುದು ಆ ಪ್ರೋಗ್ರಾಂನ ಪಾಡು. ಹೆಚ್ಚಿನವು ಮೈಕ್ರೋಸಾಫ್ಟ್‌ನ ಸಿ ಲೈಬ್ರರಿಯ ನಿಯಮ ಪಾಲಿಸುತ್ತವೆ. ಆ ನಿಯಮದಲ್ಲಿ \ ಆದ ಮೇಲೆ ಬಂದ ಕೋಟ್, ಕೋಟ್ ಮುಚ್ಚುವುದಿಲ್ಲ. ಫೋಲ್ಡರ್ ಹೆಸರಿನ ಕೊನೆಯಲ್ಲಿ \ ಇದ್ದು, ಸುತ್ತ ಕೋಟ್ ಹಾಕಿದರೆ ಮುಂದಿನ ಆರ್ಗ್ಯುಮೆಂಟೂ ಅದರೊಳಗೆ ಸೇರಿಕೊಳ್ಳುತ್ತದೆ. ವಿಂಡೋಸ್‌ನ ಶೆಲ್ ಆದ ಸಿಎಂಡಿ ಮೂಲಕ ಹೋದರೆ ಅದರ ನಿಯಮ ಮತ್ತೆ ಬೇರೆ. ಎಲ್ಲರಿಗೂ ಸರಿಹೋಗುವ ಕೋಟ್ ವಿಂಡೋಸ್‌ನಲ್ಲಿ ಇಲ್ಲ. ಯುಐಒಪಿ ಹೆಚ್ಚಿನವರ ನಿಯಮ ಹಿಡಿದು ಮುಂದೆ ಹೋಗುತ್ತದೆ.

ಇನ್ನೊಂದು ಗಂಟು ಪೈಪ್‌ದು, ಅಂದರೆ ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ಸಾಗಿಸುವ ಕೊಳವೆಯದು. ಲಿನಕ್ಸ್‌ನಲ್ಲಿ ಒಂದು ಪೈಪ್ ಸಾಮಾನ್ಯವಾಗಿ 64 ಕಿಲೋಬೈಟ್ ಹಿಡಿಯುತ್ತದೆ. ನೀವು ಪ್ರೋಗ್ರಾಂನ ಔಟ್‌ಪುಟ್ ಓದುತ್ತಾ ಕೂತಿದ್ದೀರಿ, ಅದು ಎರರ್ ಸಂದೇಶಗಳಿಗೆ ಅಂತ ಇರುವ ಇನ್ನೊಂದು ಪೈಪ್‌ಗೆ ಬರೆದು ಬರೆದು ಅದನ್ನು ತುಂಬಿಸಿದೆ. ಆ ಪೈಪ್ ಖಾಲಿಯಾಗಲಿ ಅಂತ ಪ್ರೋಗ್ರಾಂ ಕಾಯುತ್ತದೆ, ಏನಾದರೂ ಬರಲಿ ಅಂತ ನೀವು ಕಾಯುತ್ತೀರಿ. ಬೆಳಗಾದರೂ ಅಷ್ಟೇ. ಎರಡು ಥ್ರೆಡ್ ಇದ್ದರೆ ಬಗೆಹರಿಯುತ್ತಿತ್ತು, ಆದರೆ ಥ್ರೆಡ್ಡೂ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲವಲ್ಲ. ಯುಐಒಪಿ ಹಳೇ ಕಾಲದ ಉಪಾಯ ಮಾಡಿತು: ಒಂದು ಸಮಯಕ್ಕೆ ಒಂದೇ ಪೈಪ್, ಉಳಿದವು ಟೆಂಪರರಿ ಫೈಲ್‌ಗೆ. ಪ್ರೋಗ್ರಾಂ ಮುಗಿದ ಮೇಲೆ ಆ ಫೈಲ್ ಓದು. ಒರಟು ಕೆಲಸ, ಆದರೆ ಎಲ್ಲಾ ಕಡೆ ನಡೆಯುತ್ತದೆ. ಪ್ರೋಗ್ರಾಂನಿಂದ ಓದಿಕೊಳ್ಳುವ ಫಂಕ್ಷನ್‌ಗೆ ‘ಸೊರ್ರನೆ ಹೀರು’, ಅದಕ್ಕೆ ಬರೆಯುವುದಕ್ಕೆ ‘ಕಕ್ಕು’ ಅಂತಲೇ ಇಂಗ್ಲಿಷ್‌ನಲ್ಲಿ ಹೆಸರಿಟ್ಟಿದ್ದಾರೆ. ಓಡಲು ಬಿಟ್ಟು ನಾವು ಬೇರೆ ಕೆಲಸ ನೋಡಿಕೊಳ್ಳುವ ಲಾಂಚ್-ಪ್ರೋಗ್ರಾಂ ಮಾತ್ರ ತಡವಾಗಿ, 2017ರ ಎಎಸ್‌ಡಿಎಫ್ 3.2ರಲ್ಲಿ ಬಂತು.

ಫೈಲ್ ಹೆಸರಿನಲ್ಲೂ ಒಂದು ಹೊಂಡ ಇದೆ. ಲಿಸ್ಪ್‌ನ ಪಾತ್‌ನೇಮ್‌ನಲ್ಲಿ (ಫೈಲ್ ವಿಳಾಸದಲ್ಲಿ) * ಮತ್ತು [ ಅಂದರೆ ವಿಶೇಷ ಅರ್ಥ. ಹಾಗಾಗಿ ‘ಫೋಟೋ[1]’ ಅನ್ನುವ ಫೈಲಿನ ನೇಮ್‌ಸ್ಟ್ರಿಂಗ್, ಅಂದರೆ ಸ್ಟ್ರಿಂಗ್ ರೂಪದ ಹೆಸರು, ಕೇಳಿದರೆ ಎಸ್‌ಬಿಸಿಎಲ್ ನಡುವೆ ಒಂದು \ ಸೇರಿಸಿ ಕೊಡುತ್ತದೆ. ಅದನ್ನು ಹಾಗೇ ಹೊರಗಿನ ಪ್ರೋಗ್ರಾಂಗೆ ಕೊಟ್ಟರೆ ಅಂಥ ಫೈಲೇ ಇಲ್ಲ ಅನ್ನುತ್ತದೆ. ಅದಕ್ಕೆ \ ಸೇರಿಸದೆ ಕೊಡುವ ನೇಟಿವ್-ನೇಮ್‌ಸ್ಟ್ರಿಂಗ್ ಬಳಸಬೇಕು.

ನನಗೆ ಜಾಸ್ತಿ ಹೊತ್ತು ತಿಂದದ್ದು ನಮ್ಮ ಲಿಪಿಯೇ. ಕನ್ನಡ ಹೆಸರಿನ ಫೈಲ್‌ಗಳ ಪಟ್ಟಿ ತೆಗೆದುಕೊಳ್ಳುವ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಟರ್ಮಿನಲ್‌ನಲ್ಲಿ ಸರಿ ಇತ್ತು, ಗೊತ್ತುಮಾಡಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಕ್ರಾನ್‌ಗೆ ಹಾಕಿದರೆ ಕಸ. ಕ್ರಾನ್‌ನಲ್ಲಿ ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ಸೆಟ್ ಆಗಿರಲಿಲ್ಲ, ಹಳೇ ಎಸ್‌ಬಿಸಿಎಲ್ ಬಂದದ್ದನ್ನು ಲ್ಯಾಟಿನ್-1 ಅಂತ, ಅಂದರೆ ಒಂದು ಬೈಟ್‌ಗೆ ಒಂದು ಅಕ್ಷರ ಅಂತ, ಓದಿಕೊಂಡಿತ್ತು. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಕೋಡ್ ಪಾಯಿಂಟೂ (ಯೂನಿಕೋಡ್ ಬೇರೆಯಾಗಿ ಎಣಿಸುವ ಒಂದೊಂದು ಚಿಹ್ನೆಯೂ) 3 ಬೈಟ್. ‘ಕನ್ನಡ’ ಅನ್ನುವ ಹೆಸರಿನ ಉದ್ದ ಕೇಳಿದರೆ 15 ಅಂತ ಬಂತು. ರನ್-ಪ್ರೋಗ್ರಾಂಗೆ ಎಕ್ಸ್‌ಟರ್ನಲ್-ಫಾರ್ಮ್ಯಾಟ್ ಯುಟಿಎಫ್-8 ಅಂತ ಒಂದು ಕೀವರ್ಡ್ ಕೊಟ್ಟ ಮೇಲೆ 5 ಬಂತು. ಮೂರು ಅಕ್ಷರದ ‘ಕನ್ನಡ’ 5 ಹೇಗಾಯ್ತು ಅಂದ್ರೆ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ ಬೇರೆ, ಒತ್ತಿನ ‘ನ’ ಬೇರೆ ಎಣಿಕೆ. ಅದಕ್ಕೆ ಲಿಸ್ಪ್ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ, ಯೂನಿಕೋಡ್‌ನವರನ್ನು ಕೇಳಬೇಕು.